ಹದಿನೇಳನೆಯ ವಾಲ್ವಿನ ಪುಟ

ಇಪ್ಪತ್ತು, ಇಪ್ಪತ್ತೊಂದು ಎಂದು ಎಣಿಸುತ್ತಿದ್ದಾಳೆ. ಹದಿನೇಳನೆಯ ವಾಲ್ವಿನ ಈ ಗುಂಡಿ ಗೋಡೆಗೆ ಅಂಟಿಕೊಂಡಿದೆ. ಅರ್ಧ ಸುತ್ತಿಗೇ ವಾಲ್ವ್ ತಿರುಗಿಸುವ ಉದ್ದನೆಯ ಕೀಲಿ ಗೋಡೆಗೆ ತಾಗುತ್ತದೆ, ಎತ್ತಿ ಮತ್ತೆ ಕೂರಿಸಬೇಕು. ಇಪ್ಪತ್ತೆರಡಕ್ಕೆ ನಿಲ್ಲಿಸಿ ಕಿವಿಗೊಡುತ್ತಾಳೆ. ನೀರು ಹೊರಟಿತು. ಬೀದಿ ಏಳುವ ಮೊದಲು ಇಂಥ ಮೂವತ್ತೆಂಟು ವಾಲ್ವ್ ತೆರೆಯುವವಳ ಮುಖ, ನಲ್ಲಿ ತಿರುಗಿಸುವ ಯಾರಿಗೂ ಗೊತ್ತಿಲ್ಲ.

ಗಂಡ ತೀರಿಕೊಂಡ ವರ್ಷ ಈ ಕೆಲಸಕ್ಕೆ ಬಂದಳು. ಯಾವ ವಾಲ್ವ್ ಎತ್ತ ತಿರುಗುತ್ತದೆ, ಎಷ್ಟು ಸುತ್ತು ಎಂಬುದೆಲ್ಲ ಆಗ ಒಬ್ಬ ಹಿರಿಯರ ತಲೆಯಲ್ಲಷ್ಟೇ ಇತ್ತು. ಎಲ್ಲರಿಗೂ ಅವರು ‘ಮಾವ’. ಅವರು ನಿವೃತ್ತರಾಗುವ ಮೊದಲು ಅದನ್ನೆಲ್ಲ ಬರೆದಿಡಬೇಕೆಂದು ಹಟ ಹಿಡಿದಳು. ಮಗಳ ಪಕ್ಕ ಕೂತು ಪೈಥಾನ್ ಎಂಬ ಕಂಪ್ಯೂಟರ್ ಭಾಷೆ ಕಲಿತು, ಫ್ಲಾಸ್ಕ್ ಎಂಬ ಚೌಕಟ್ಟಿನಲ್ಲಿ ಪುಟ್ಟದೊಂದು ವಿಕಿ ಕಟ್ಟಿದಳು. ವಾಲ್ವಿಗೊಂದು ಪುಟ, ಪಾಳಿಯವರು ಯಾರು ಬೇಕಾದರೂ ಫೋನಿನಲ್ಲೇ ಓದಬಹುದು, ತಿದ್ದಬಹುದು.

"ಒಂದು ಚುಕ್ಕೆ ತಪ್ಪಿದ್ರೂ ಈ ಪೈಥಾನ್ ಮುಖ ಊದಿಸ್ಕೊಂಡು ಕೂರತ್ತೆ, ನಮ್ಮತ್ತೆ ಥರ," ಎಂದು ನಗುತ್ತಾಳೆ. "ಆದ್ರೆ ತಪ್ಪೆಲ್ಲಿ ಅಂತಾದ್ರೂ ಹೇಳತ್ತೆ. ಅತ್ತೆ ಅದೂ ಹೇಳ್ತಿರ್ಲಿಲ್ಲ."

ಹೋದ ತಿಂಗಳು ಈ ಹದಿನೇಳನೆಯ ವಾಲ್ವೇ ಮುರಿಯಿತು. ಮಾವ ಇಲ್ಲಿ ಅರ್ಧ ಸುತ್ತುಗಳನ್ನೇ ಎಣಿಸುತ್ತಿದ್ದರು. ಅವರು ಹೇಳಿದ ಇಪ್ಪತ್ತೆರಡನ್ನು ಅವಳು ಪೂರ್ತಿ ಸುತ್ತೆಂದು ಬರೆದಿದ್ದಳು. ಸಂಜೆ ಪಾಳಿಯ ಜಟ್ಟಿ ಪುಟವನ್ನು ನಂಬಿದ. ಹನ್ನೊಂದು ಸುತ್ತಿಗೆ ಬಿಗಿಯಾದಾಗ ತುಕ್ಕೆಂದುಕೊಂಡು ಜಗ್ಗಿದ. ಎರಡು ದಿನ ಒಂದು ಬೀದಿಗೆ ನೀರಿಲ್ಲ. ಸುದ್ದಿ ಕೇಳಿದ್ದೇ ಅವಳು ಪುಟದ ಇಪ್ಪತ್ತೆರಡನ್ನು ಹನ್ನೊಂದೆಂದು ತಿದ್ದಿಬಿಟ್ಟಳು. ಮೇಲಧಿಕಾರಿ ತೆರೆದಾಗ ಅಲ್ಲಿ ಹನ್ನೊಂದೇ ಇತ್ತು. ಹಳೆಯದನ್ನು ವಿಕಿ ಉಳಿಸಿಕೊಳ್ಳುತ್ತಿರಲಿಲ್ಲ, ಬರೆದವರ ಹೆಸರನ್ನೂ.

ತಪ್ಪು ಜಟ್ಟಿಯ ತಲೆಗೆ ಬಂತು, ಅಂದಿನಿಂದ ಅವನ ಕೆಲಸ ಕಾಯಂ ಆಗುವ ಕಡತ ನಿಂತಿದೆ. ಚಹಾ ಹೊತ್ತಿನಲ್ಲಿ ಎಲ್ಲರೂ, ಲೋಟ ಮೆಲ್ಲಗೆ ಹಿಡಿಯೋ ಎಂದು ಕಾಲೆಳೆಯುತ್ತಾರೆ. ಅವನಿಗೂ ತನ್ನ ಮೇಲೆ ನಂಬಿಕೆ ಹೋಗಿದೆ.

"ನಾನೇ ಸರಿಯಾಗಿ ಓದಿಲ್ಲ ಅನ್ಸತ್ತೆ, ಅಕ್ಕ," ಎಂದ ನಿನ್ನೆ. ಅವಳು ಲೋಟ ತೊಳೆಯಲು ಎದ್ದುಹೋದಳು.

ನಿಮ್ಮ ಆಸೆಯೇನು ಎಂದು ಕೇಳಿದರೆ ಕೈಯ ಗ್ರೀಸ್ ಒರೆಸುತ್ತ ಹೇಳುತ್ತಾಳೆ: "ದೊಡ್ಡದೇನಿಲ್ಲ. ಯಾರು ಏನು ಬರೆದ್ರು, ಯಾವಾಗ ತಿದ್ದಿದ್ರು ಅಂತ ಪುಟದ ಕೆಳಗೇ ಕಾಣ್ಬೇಕು."

ವಿಕಿಯ ಆ ಭಾಗವನ್ನು ಬರೆದು ಮುಗಿಸಿದ್ದಾಳೆ. ಇಂದಿನಿಂದ ಆಗುವ ತಿದ್ದುಪಡಿಗಳಷ್ಟೇ ಅದರಲ್ಲಿ ದಾಖಲಾಗುತ್ತವೆ. ಪಾಳಿ ಮುಗಿಸಿ ಬಂದವಳು ಕಂಪ್ಯೂಟರ್ ಮುಂದೆ ಕೂತಿದ್ದಾಳೆ. ಇನ್ನೂ ಮುಗೀಲಿಲ್ವಾ ಎಂದು ಮಗಳು ಒಳಗಿನಿಂದ ಕೂಗುತ್ತಾಳೆ. ಇನ್ನೊಂದೇ ಸಾಲು ಎನ್ನುತ್ತಾಳೆ ಇವಳು. ಹದಿನೇಳನೆಯ ಪುಟದ ಕೆಳಗೆ ಮೊದಲ ಸಾಲಾಗಿ, ತಾನು ಅಳಿಸಿದ ಆ ಇಪ್ಪತ್ತೆರಡನ್ನು ಕೈಯಾರೆ ಸೇರಿಸಬೇಕು, ಪಕ್ಕದಲ್ಲಿ ತನ್ನ ಹೆಸರು.