ಬಿಸ್ಕತ್ತು ಕಾರ್ಡಿನ ಮುಖ

ಸಾನ್ ಪೆದ್ರೊದ ಹಳೆ ಸಕ್ಕರೆ ಗಿರಣಿಯ ಬೇಸ್‌ಬಾಲ್ ಮೈದಾನದಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಎವಾರಿಸ್ತೊ ಬೆಲ್ಯೂ ಸೊಂಟಕ್ಕೆ ಹಗ್ಗ ಬಿಗಿದುಕೊಂಡು ಕಬ್ಬಿಣದ ಜಾಲರಿ ಎಳೆಯುತ್ತಿದ್ದಾರೆ. ವಯಸ್ಸು ಎಪ್ಪತ್ತೆಂಟು. ಕೆಂಪು ಮಣ್ಣು ಹಿಂದೆ ನುಣ್ಣಗೆ ಬಿಚ್ಚಿಕೊಳ್ಳುತ್ತಾ ಬರುತ್ತದೆ. ಟ್ರ್ಯಾಕ್ಟರ್ ಕೊಡಿಸುತ್ತೇವೆ ಎಂದು ಕ್ಲಬ್ಬಿನವರು ಹೇಳಿದ್ದು ಯಾವ ಕಾಲದಲ್ಲೋ. ಕೊಡಿಸಿದ್ದು ಹೊಸ ಹಗ್ಗ.

“ಹಗ್ಗ ಒಳ್ಳೇದೇ ಕೊಟ್ಟಿದ್ದಾರೆ,” ಎನ್ನುತ್ತಾರೆ. ಬೆಳಗಿನ ಕಾಫಿಗೆಂದು ದಿನಾ ಗೇಟಿನ ಬಳಿ ಬಂದು ನಿಲ್ಲುವ ನನಗೆ ಮೈ ಉರಿಯುತ್ತದೆ. ಅವರಿಗಿಲ್ಲ.

ಆಡಬೇಕೆಂದು ಹುಡುಗನಾಗಿ ಇಲ್ಲಿಗೆ ಬಂದವರು. ಬ್ಯಾಟು ಹೆಕ್ಕುವ ಕೆಲಸ ಸಿಕ್ಕಿತು, ಆಮೇಲೆ ಮಣ್ಣಿನ ಕೆಲಸ. ಆಡುವುದು ಹಾಗೇ ಉಳಿಯಿತು. ಮಣ್ಣಿಗೆ ನೀರು ಹೊಡೆದು, ಸುಣ್ಣದ ಗೆರೆ ಎಳೆದು, ಪ್ರೇಕ್ಷಕರ ಕಟ್ಟೆ ಗುಡಿಸುವಷ್ಟರಲ್ಲಿ ಬಿಸಿಲು ನೆತ್ತಿಗೆ ಬಂದಿರುತ್ತದೆ.

ಆ ಕಟ್ಟೆಯ ಗೋಡೆಯ ಮೇಲೆ ಕ್ಲಬ್ಬಿನವರು ಹಳೆಯ ಕಾರ್ಡುಗಳನ್ನು ದೊಡ್ಡದು ಮಾಡಿ ಬರೆಸಿದ್ದಾರೆ. ಒಂದು ಕಾಲಕ್ಕೆ ಬಿಸ್ಕತ್ತಿನ ಪೊಟ್ಟಣದೊಳಗೆ ಬರುತ್ತಿದ್ದ ಆಟಗಾರರ ಕಾರ್ಡುಗಳವು. ದೇಶದ ಆಚೆ ಯಾರೂ ಹೆಸರು ಕೇಳಿರದ ಗಿರಣಿ ಆಟಗಾರರು. ಈಗ ರಾಜಧಾನಿಯಿಂದ ಸಂಗ್ರಹಕಾರರು ಕೈಗವಸು ಹಾಕಿಕೊಂಡು ಹುಡುಕಿ ಬರುತ್ತಾರೆ. ಎಲ್ಲಕ್ಕಿಂತ ಅಪರೂಪದ್ದು ಚೆಂಡೆಸೆಗಾರ ಲುದೊವಿನೊ ಫೆರ್ಮಿನನದು. ಗೋಡೆಯ ಮೇಲಿನ ಆ ಚಿತ್ರದ ಫೋಟೊ ತೆಗೆಯುವಾಗ ಅವರು ಎವಾರಿಸ್ತೊಗೆ ಹೇಳುವುದು ಒಂದೇ ಮಾತು: “ಸ್ವಲ್ಪ ಆ ಕಡೆ ಸರೀರಿ ಅಜ್ಜ, ಬಕೆಟ್ಟು ಅಡ್ಡ ಬರ್ತಿದೆ.”

ಕಳೆದ ಶನಿವಾರ ಎನೆರೊಲಿಸಾ ಬಂದಳು. ಲುದೊವಿನೊನ ಮಗಳು. ಅವಳು ಹೊಟ್ಟೆಯಲ್ಲಿದ್ದಾಗಲೇ ಕಬ್ಬಿನ ಲಾರಿ ಮಗುಚಿ ಅಪ್ಪ ಸತ್ತ; ಹೆರಿಗೆಯಲ್ಲಿ ಅಮ್ಮ ಹೋದಳು. ದೂರದ ಬರಾಒನಾದಲ್ಲಿ ಚಿಕ್ಕಮ್ಮನ ಮನೆಯಲ್ಲಿ ಬೆಳೆದವಳಿಗೆ ಅಪ್ಪನ ಮುಖ ಎಂದರೆ ಸಂತೆಯಲ್ಲಿ ಸಿಕ್ಕ ಆ ಕಪ್ಪುಬಿಳುಪು ಕಾರ್ಡು, ಅಷ್ಟೇ. ಈಗ ಅಪ್ಪನ ಗೋರಿಗೆ ಬಣ್ಣದ ಚಿತ್ರವಿರುವ ಪಿಂಗಾಣಿ ಬಿಲ್ಲೆ ಮಾಡಿಸುತ್ತಿದ್ದಾಳೆ.

“ದೊನ್ ಎವಾರಿಸ್ತೊ, ನೀವು ಆ ಕಾಲದವರಂತೆ. ಬಿಲ್ಲೆ ಮಾಡೋನು ಕಣ್ಣಿನ ಬಣ್ಣ ಯಾವ್ದು ಅಂತ ಕೇಳ್ತಿದ್ದಾನೆ.”

ಅವರು ಕಾರ್ಡು ನೋಡಿದರು. ಅವಳನ್ನು ನೋಡಿದರು.

“ಯಾರ ಕಣ್ಣು ಮಗಳೇ? ಕಾರ್ಡಿನೋನದಾ, ನಿಮ್ಮಪ್ಪಂದಾ?”

“ಎರಡೂ ಒಂದೇ ಅಲ್ವಾ?”

ಗೇಟಿನ ಬಳಿ ಕಾಫಿ ಮಾರುವ ಕ್ರೂಸಿತಾ ನಕ್ಕಳು. “ನಂಬಬೇಡಮ್ಮ ಈ ಮುದುಕನ್ನ. ಕಾಫಿ ಹೊಟ್ಟೆಗೆ ಬೀಳೋವರ್ಗೂ ಹಿಂಗೇ ಏನಾದ್ರೂ ಒದರ್ತಿರ್ತಾನೆ.”

ಎವಾರಿಸ್ತೊ ಟೋಪಿ ತೆಗೆದು ಕಾರ್ಡನ್ನು ತಮ್ಮ ಕಿವಿಯ ಪಕ್ಕ ಹಿಡಿದರು. ಅವರ ಎಡಗಿವಿಯ ಹಾಲೆ ಸೀಳಿದೆ, ಎಳವೆಯಲ್ಲಿ ಹಂದಿ ಕಚ್ಚಿದ್ದು. ಕಾರ್ಡಿನ ಎಡಗಿವಿಯೂ ಸೀಳಿದೆ. ಅದೇ ಹಾಲೆ, ಅದೇ ಸೀಳು. ಕ್ರೂಸಿತಾ ಎದೆಯ ಮೇಲೆ ಶಿಲುಬೆ ಗುರುತು ಹಾಕಿಕೊಂಡಳು. ನಾನು ತಲೆಯೆತ್ತಿ ಗೋಡೆ ನೋಡಿದೆ. ಅಲ್ಲೂ ಅದೇ ಕಿವಿ, ಆಳುದ್ದದ ಚಿತ್ರದಲ್ಲಿ. ಅದರ ಕೆಳಗೇ ಈ ಮನುಷ್ಯ ದಿನಾ ಕಸ ಗುಡಿಸುತ್ತಾನೆ. ಊರಿಗೆ ಊರೇ ಎದುರು ಕೂತು ಕಡಲೆ ತಿನ್ನುತ್ತದೆ. ಒಬ್ಬರಿಗೂ ಕಾಣಲಿಲ್ಲವೆಂದರೆ ಏನು ಹೇಳುವುದು!

ನಮ್ಮಲ್ಲಿ ಚೆಂಡೆಸೆಯುವ ದಿನ ಎಸೆಗಾರ ಫೋಟೊ ತೆಗೆಸಿಕೊಳ್ಳುವುದಿಲ್ಲ. ಕ್ಯಾಮೆರಾ ತೋಳಿನ ಕಸುವು ಎಳೆದುಕೊಳ್ಳುತ್ತದಂತೆ. ಬಿಸ್ಕತ್ತಿನವರ ಫೋಟೊಗ್ರಾಫರ್ ಬಂದದ್ದು ಲುದೊವಿನೊ ಎಸೆಯಬೇಕಿದ್ದ ಭಾನುವಾರವೇ.

“ಅಂಗಿ ಬಿಚ್ಚಿ ನನ್ನ ಮೈಮೇಲೆ ಎಸೆದ. ‘ಹೋಗೋ, ನನ್ ಬದ್ಲು ನೀನೇ ನಿಂತ್ಕೋ’ ಅಂದ. ಫೋಟೊದವನು ಮುಖ ಎಲ್ಲಿ ನೋಡ್ತಾನೆ? ಬೆನ್ನಿನ ನಂಬರು ನೋಡಿ ಹೆಸರು ಬರ್ಕೊಂಡು ಹೋದ,” ಎಂದರು ಎವಾರಿಸ್ತೊ.

ಎನೆರೊಲಿಸಾ ಅಳಲಿಲ್ಲ. ಕಾರ್ಡನ್ನು ಅವರ ಕೈಯಿಂದ ಇಸಿದುಕೊಂಡು ಒದ್ದೆ ಮಣ್ಣಿನ ಮೇಲೆ ಹಾಗೇ ಕೂತಳು.

“ಮದುವೆ ದಿನ ಇದಕ್ಕೆ ಮುತ್ತಿಟ್ಟು ಹೊರಟೋಳು ನಾನು. ಅದು ನಿಮಗಾ? ನನ್ನ ಬಿಟ್ಟು ಹೋದೆಯಲ್ಲೋ ಅಂತ ಬಾಯಿಗೆ ಬಂದಂಗೆ ಬೈದಿದ್ದೀನಿ. ಅದೂ ನಿಮಗಾ?”

“ಬೈಗುಳ ಇರ್ಲಿ ಬಿಡು, ನನಗೂ ಸಲ್ಲುತ್ತೆ.”

“ಯಾರಿಗಾದ್ರೂ ಹೇಳಬಾರ್ದಿತ್ತಾ?”

“ಹೇಳ್ದೆ. ಗೋಡೆಗೆ ಬಣ್ಣ ಬಳಿಯೋವಾಗ ಕ್ಲಬ್ಬಿನ ಕಾರ್ಯದರ್ಶಿಗೇ ಹೇಳ್ದೆ. ‘ಬಿಸಿಲು ತಲೆಗೇರಿದೆ ಅಜ್ಜ, ನೆರಳಲ್ಲಿ ಕೂತ್ಕೊ ಹೋಗು’ ಅಂದ.”

ಅಂಥವನ ಕೈಗೆ ಮೈದಾನದ ಬೀಗ ಕೊಟ್ಟಿದ್ದೇವೆ.

“ಹಂಗಾದ್ರೆ ನಮ್ಮಪ್ಪನ ಮುಖ ಎಲ್ಲೂ ಇಲ್ವಾ?” ಎನೆರೊಲಿಸಾ ಕೇಳಿದಳು.

ಎವಾರಿಸ್ತೊ ಸೊಂಟದ ಹಗ್ಗ ಬಿಚ್ಚಿದರು. “ಏಳು ಮೇಲೆ.” ತಮ್ಮ ಟೋಪಿಯನ್ನು ಅವಳ ತಲೆಗಿಟ್ಟು ಕೂದಲು ಒಳಗೆ ತುರುಕಿದರು. ಎರಡು ಹೆಜ್ಜೆ ಹಿಂದೆ ಸರಿದು ನೋಡಿದರು, ಮಣ್ಣಿನ ಮಟ್ಟ ನೋಡುವ ಹಾಗೆ.

“ಅವನಿಗೆ ಇಷ್ಟು ಕೆನ್ನೆ ಇರ್ಲಿಲ್ಲ, ನೀನು ಚೆನ್ನಾಗಿ ಉಂಡಿದ್ದೀಯ. ಮೂಗು ಒಂಚೂರು ಎಡಕ್ಕೆ ಎಳೆದಂಗಿತ್ತು. ಹುಬ್ಬು ಇದೇ. ಕಣ್ಣು ಕಪ್ಪು. ಇದೇ ಕಪ್ಪು.”

ಮಂಗಳವಾರ ಇಬ್ಬರೂ ಬಿಲ್ಲೆ ಮಾಡುವವನ ಅಂಗಡಿಯಲ್ಲಿದ್ದಾರೆ, ಜೊತೆಗೆ ನಾನೂ. ಟೋಪಿ ಹಾಕಿಕೊಂಡು ಎನೆರೊಲಿಸಾ ಅಲುಗಾಡದೆ ಕೂತಿದ್ದಾಳೆ. ಬಿಲ್ಲೆಯವನ ಬೆನ್ನ ಹಿಂದೆ ನಿಂತು ಎವಾರಿಸ್ತೊ, “ಗದ್ದ ತೆಳ್ಳಗೆ ಮಾಡಯ್ಯಾ, ಅವನೇನು ಪಾದ್ರಿನಾ?” ಎಂದು ಗದರುತ್ತಿದ್ದಾರೆ. ಮೂರನೆಯ ಸಲ ಒರೆಸಿ ಬರೆದಾಗ ಸುಮ್ಮನಾಗುತ್ತಾರೆ. ಅವರ ಮುಖ ನೋಡಿಯೇ ಅವಳು ಬಾಯಿಗೆ ಕೈ ಅಡ್ಡ ಹಿಡಿಯುತ್ತಾಳೆ.

ಹೊರಗೆ ಬಂದಾಗ ನಾನು ಕೇಳುತ್ತೇನೆ: ಗೋಡೆಯ ಮೇಲಿನ ಹೆಸರು ಅಳಿಸಿ ನಿಮ್ಮದು ಬರೆಸೋಣವಾ? ಕಾರ್ಯದರ್ಶಿಯ ಹತ್ತಿರ ನಾನೇ ಜಗಳವಾಡುತ್ತೇನೆ.

“ಬೇಡಪ್ಪಾ. ಹೆಸರು ಅವನದೇ ಇರ್ಲಿ,” ಎನ್ನುತ್ತಾರೆ ಎವಾರಿಸ್ತೊ. “ಆ ಭಾನುವಾರ ಅವನ ಚೆಂಡನ್ನ ಒಬ್ಬನೂ ಮುಟ್ಟಲಿಲ್ಲ ಗೊತ್ತಾ? ಒಬ್ಬನೂ! ಯಾಕೆ ಹೇಳು? ಕ್ಯಾಮೆರಾ ಮುಂದೆ ನಿಂತಿದ್ದು ನಾನು.”