ಪಾಲುದಾರ ಯಲಗೂರಪ್ಪನವರು
ಇಚಲಕರಂಜಿಯಲ್ಲಿ ಹೊಸದಾಗಿ ಮಗ್ಗ ಹಾಕುವವರಿಗೆ ಕಬನೂರಿನ ಯಲಗೂರಪ್ಪನವರು ಸಾಲ ಕೊಡುತ್ತಿರಲಿಲ್ಲ. ಬಂಡವಾಳ ಹಾಕಿ ಪಾಲುದಾರರಾಗುತ್ತಿದ್ದರು. ಬಂದವರಿಗೆ ಮೊದಲು ಚಹಾ, ಆಮೇಲೆ ಒಂದೇ ಪ್ರಶ್ನೆ: “ನೀ ನೇಯ್ದ ಅರಿವಿ ಯಾವಾಗ ಕೆಟ್ಟಿತ್ತು? ಯಾಕ?” ನೂಲನ್ನೋ ಕರೆಂಟನ್ನೋ ದೇವರನ್ನೋ ದೂರಿದವರಿಗೆ ಇನ್ನೊಂದು ಕಪ್ ಚಹಾ ಬರುತ್ತಿತ್ತು, ಅದು ಬಂತೆಂದರೆ ಮಗ್ಗ ಇಲ್ಲವೆಂದು ಊರಿಗೆಲ್ಲ ಗೊತ್ತಿತ್ತು. ಪರರ ಶೆಡ್ಡಿನಲ್ಲಿ ನೇಯುತ್ತಿದ್ದ ಯಮನಪ್ಪ ಮಾತ್ರ, “ನನ್ನ ಕೈಯಾಗ ಕೆಟ್ಟಿತ್ರೀ ಕಾಕಾ. ಹರಟಿ ಹೊಡಕೋತ ನಿಂತು ಎಳಿ ಹರದದ್ದು ನೋಡಲಿಲ್ಲ” ಎಂದ. “ನಡಿಯೋ, ಶೆಡ್ ಹುಡುಕೂಣು” ಎಂದು ಅವರು ಎದ್ದೇಬಿಟ್ಟರು. ಮರುವರ್ಷ ಪೇಟೆಯಲ್ಲಿ ಬಟ್ಟೆಯ ಬೆಲೆ ಬಿದ್ದು ನಷ್ಟವಾದಾಗ, ಯಮನಪ್ಪ ತಲೆತಗ್ಗಿಸಿ ಬಂದು ಶೆಡ್ಡಿನ ಕೀಲಿಕೈಯನ್ನು ಅವರ ಮುಂದಿಟ್ಟ. “ಲುಕ್ಸಾನದಾಗೂ ನನ್ನ ಪಾಲ ಐತಿ. ಅದನ್ನೂ ನೀ ಒಬ್ಬಾವನ ಹೊತ್ಕೊಂಡ ಹೊಂಟೀಯಲ್ಲ, ಯಾರನ್ನ ಕೇಳಿ?” ಎಂದು ಗದರಿದರು. ಕೀಲಿಕೈಯನ್ನು ಮತ್ತೆ ಎತ್ತಿಕೊಂಡ ಯಮನಪ್ಪ ಓಣಿಯ ನಟ್ಟನಡುವೆ ಎದೆಯುಬ್ಬಿಸಿ ನಡೆದು, ಶೆಡ್ಡಿನ ಬಾಗಿಲು ತೆರೆದ.