ಒಬ್ಬರಿಗೊಂದು ಕಾರ್ಡು

ಆರ್ಲೀಸ್ ನಿಯೆಮಿಯ ಕೈಯಡುಗೆ ಉಣ್ಣದೆ ಅಮೆರಿಕದ ಉತ್ತರದ ಆ ಗಣಿ ಊರಿನಲ್ಲಿ ದೊಡ್ಡವರಾದವರು ಕಡಿಮೆ. ಶಾಲೆಯ ಅಡುಗೆಮನೆಯಲ್ಲಿ ಅವಳು ಬಡಿಸಿದ್ದನ್ನು ತಿಂದ ಮಕ್ಕಳು ಈಗ ಬ್ಯಾಂಕಿನ ಕಿಟಕಿಯ ಹಿಂದೆ ಕೂತಿದ್ದರು, ರಸ್ತೆಯ ಹಿಮ ತಳ್ಳುವ ಲಾರಿ ಓಡಿಸುತ್ತಿದ್ದರು, ಒಬ್ಬನಂತೂ ಮೇಯರೇ ಆಗಿದ್ದ. ಶಾಲೆ ಮುಗಿಸಿ ಬಂದರೆ ಮನೆಯಲ್ಲಿ ಮೂರು ಮಕ್ಕಳು, ಹಾಸಿಗೆ ಹಿಡಿದ ಅತ್ತೆ, ಗಣಿಯ ಪಾಳಿ ಬದಲಾದ ಹಾಗೆ ಊಟದ ಹೊತ್ತು ಬದಲಾಗುವ ಗಂಡ ವಾರೆನ್. ಇಷ್ಟೂ ಜನರನ್ನು ಸಾಕಿದ ಕೈಗಳು ಎಪ್ಪತ್ತು ದಾಟುವಷ್ಟರಲ್ಲಿ ಗೆಣ್ಣುಗೆಣ್ಣಿಗೂ ಊದಿಕೊಂಡು, ಬೆಳಗಿನ ಕಾಫಿ ಲೋಟವನ್ನು ಸಹ ಹಿಡಿಯಲೊಲ್ಲೆವು ಎಂದು ಮುಷ್ಕರ ಹೂಡಿದವು.

ಡುಲೂತ್ ಪಟ್ಟಣದ ಕೀಲುವಾತದ ಡಾಕ್ಟರು ಹ್ಯಾಲ್ವರ್ಸನ್ ಕೊಟ್ಟ ಚುಚ್ಚುಮದ್ದಿನಿಂದ ಎರಡು ವರ್ಷಗಳಲ್ಲಿ ಕೈ ಒಂದಿಷ್ಟು ಮಾತು ಕೇಳತೊಡಗಿತ್ತು. ಬೀಗ ತಿರುಗಿಸುವಷ್ಟು, ತಲೆ ಬಾಚುವಷ್ಟು. ಆದರೆ ಸೆಪ್ಟೆಂಬರಿನಲ್ಲಿ ಇನ್ಷೂರೆನ್ಸಿನವರು ಕಳಿಸಿದ ದಪ್ಪ ಪುಸ್ತಕದಲ್ಲಿ, ಬರುವ ಜನವರಿಯಿಂದ ಆ ಡಾಕ್ಟರು ತಮ್ಮ ಪ್ಲಾನಿನಲ್ಲಿ ಇರುವುದಿಲ್ಲ ಎಂದಿತ್ತು. ಅಂದರೆ ಅವರ ಫೀಸು, ಮದ್ದಿನ ಖರ್ಚು ಎಲ್ಲ ಇನ್ನು ಕೈಯಿಂದಲೇ. ಆರ್ಲೀಸ್ ಅದನ್ನು ಓದಿ, ಮಡಚಿ, ಬ್ರೆಡ್ ಡಬ್ಬಿಯ ಮೇಲಿಟ್ಟಳು.

ಆ ಊರಿನ ಗಂಡಸರು ಕಿತ್ತಳೆ ಕೋಟು ತೊಟ್ಟು ಜಿಂಕೆ ಬೇಟೆಗೆ ಕಾಡು ಸೇರುವುದು ನವೆಂಬರಿನಲ್ಲಿ. ಅರವತ್ತೈದು ದಾಟಿದವರು ಮೆಡಿಕೇರ್ ಎಂಬ ಸರ್ಕಾರಿ ಆರೋಗ್ಯ ವಿಮೆಯಲ್ಲಿ ತಮ್ಮ ಪ್ಲಾನನ್ನು ಬದಲಿಸಿಕೊಳ್ಳಬಹುದಾದ ಗಡುವೂ ಅದೇ ಹೊತ್ತಿಗೆ ಓಡುತ್ತಿರುತ್ತದೆ. ಹಾಗಾಗಿ ಆ ದಿನಗಳಲ್ಲಿ ಬಂದೂಕು ಗಂಡಂದಿರ ಹೆಗಲ ಮೇಲೆ, ಅವರ ಮೆಡಿಕೇರ್ ಕಾರ್ಡು ಹೆಂಡತಿಯರ ಪರ್ಸಿನಲ್ಲಿ.

ಬೇಟೆ ಶುರುವಾದ ಶನಿವಾರ ಚರ್ಚಿನ ನೆಲಮಾಳಿಗೆಯಲ್ಲಿ ಹೆಂಗಸರೆಲ್ಲ ಸೇರಿ ಮಾರಾಟಕ್ಕೆ ಪ್ಯಾಸ್ಟಿ ಮಾಡುತ್ತಿದ್ದರು. ಮಾಂಸ, ಆಲೂಗಡ್ಡೆ ತುಂಬಿ ಕರ್ಜಿಕಾಯಿಯ ಹಾಗೆ ಅಂಚು ಹೆಣೆದು ಸುಡುವ ಕೆಲಸ. ಮೂಲೆಯಲ್ಲಿ, ಹಿಟ್ಟಿನ ಚೀಲಗಳ ಪಕ್ಕ, ಗ್ಲೋರಿಯಾ ಪ್ರೆಬಿಚ್ ಲ್ಯಾಪ್‌ಟಾಪ್ ತೆರೆದು ಕೂತಿದ್ದಳು. ಪ್ರತಿ ವರ್ಷ ಪುಕ್ಕಟೆಯಾಗಿ ಊರಿನ ಹಿರಿಯರಿಗೆ ಪ್ಲಾನು ಹುಡುಕಿಕೊಡುವವಳು ಅವಳೇ. ಒಬ್ಬೊಬ್ಬರೇ ಕೈಯ ಹಿಟ್ಟು ಒರೆಸಿಕೊಂಡು ಹೋಗಿ ಅವಳೆದುರು ಕೂತು ಬರುತ್ತಿದ್ದರು.

"ನಮ್ಮನೆಯವನು ಏನಂದು ಹೋದ ಗೊತ್ತಾ?" ಎಂದಳು ಆರ್ಲೀಸಳ ಪಕ್ಕದ ಮನೆಯ ಮಾರ್ಲೀನ್. "'ನನಗೇನು ಬೇಕೋ ಎಲ್ಲಾ ನಿನಗೇ ಗೊತ್ತಲ್ಲ' ಅಂತ. ಹಾಗೇ ಜಿಂಕೆಗೂ ಹೇಳಿದ್ದಿದ್ರೆ ಅದೇ ಬಂದು ಫ್ರೀಜರ್‌ನಲ್ಲಿ ಮಲಗ್ತಿತ್ತೇನೋ!"

ಆರ್ಲೀಸಳ ಸರದಿ ಬಂತು. ಮೊದಲು ವಾರೆನ್‌ನ ಕಾರ್ಡನ್ನಿಟ್ಟಳು. ಅವನ ಮಾತ್ರೆಗಳ ಹೆಸರನ್ನೆಲ್ಲ ಬಾಯಿಪಾಠ ಒಪ್ಪಿಸಿದಳು. ಅವನ ಹೃದಯದ ಡಾಕ್ಟರು ಹಳೆಯ ಪ್ಲಾನಿನಲ್ಲೇ ಇದ್ದರು.

"ಸದ್ಯ. ಹಾಗಾದ್ರೆ ನಮ್ಮಿಬ್ಬರದ್ದೂ ಹಾಗೇ ಇರಲಿ ಬಿಡು."

"ನಿನ್ನ ಡುಲೂತ್ ಡಾಕ್ಟರು?" ಗ್ಲೋರಿಯಾ ಕನ್ನಡಕದ ಮೇಲಿಂದ ನೋಡಿದಳು. "ಅವರು ಇದರಲ್ಲಿ ಇರಲ್ವಲ್ಲೇ."

"ಗೊತ್ತು. ಎರಡು ವರ್ಷ ನೋಡಿಸ್ಕೊಂಡೆನಲ್ಲ, ಸಾಕು. ವಾರೆನ್‌ದು ಹೃದಯ ಕಣೇ. ನಂದು ಬರೀ ಕೈ."

"ಇಬ್ಬರದ್ದೂ ಅಂತ ಒಂದು ಇಲ್ಲವೇ ಇಲ್ಲ. ಅದು ಗಣಿ ಕಾಲದ್ದು. ಅವನ ಕೆಲಸ, ಅವನ ಇನ್ಷೂರೆನ್ಸು, ಅದರ ನೆರಳಲ್ಲಿ ನೀನು. ಮೆಡಿಕೇರ್‌ನಲ್ಲಿ ಒಬ್ಬರಿಗೊಂದು ಕಾರ್ಡು. ತೆಗಿ ನಿಂದು. ಯಾರ ಹೆಸರಿದೆ ಓದು."

ಆರ್ಲೀಸ್ ಓದಿದಳು. ಅವಳೊಬ್ಬಳ ಹೆಸರೇ ಇತ್ತು. ಇಷ್ಟು ವರ್ಷ ಪರ್ಸಿನಲ್ಲಿ ಇಟ್ಟುಕೊಂಡು ತಿರುಗಿದ್ದಳು. ಗಂಡ ಸೇರಿದ ಪ್ಲಾನಿಗೇ ತಾನೂ ಸೇರಬೇಕು ಎಂದು ಯಾರೂ ಹೇಳಿರಲಿಲ್ಲ, ಬೇಡವೆಂದೂ ಯಾರೂ ಹೇಳಿರಲಿಲ್ಲ.

ಗ್ಲೋರಿಯಾ ಅಷ್ಟರಲ್ಲಿ ಇನ್ನೊಂದು ಪ್ಲಾನು ಹುಡುಕಿದ್ದಳು. ಹ್ಯಾಲ್ವರ್ಸನ್ ಅದರಲ್ಲಿದ್ದರು, ಚುಚ್ಚುಮದ್ದೂ ಇತ್ತು. ಕನ್ನಡಕದ ಖರ್ಚು ಮಾತ್ರ ಕೈಯಿಂದ ಹಾಕಬೇಕು.

"ನಾನು ಬಿಟ್ಟು ಬಂದ್ರೆ ವಾರೆನ್‌ದಕ್ಕೆ ಏನೂ ಆಗಲ್ವಾ?"

"ಅವನು ಅಲ್ಲೇ ಇರ್ತಾನೆ ಕಣೇ, ಒಂದು ಕೂದಲೂ ಕೊಂಕಲ್ಲ."

"ನೋಡ್ರೇ ಇಲ್ಲಿ!" ಮಾರ್ಲೀನ್ ಲಟ್ಟಣಿಗೆ ಎತ್ತಿ ಕೂಗಿದಳು. "ಈ ವಯಸ್ಸಲ್ಲಿ ಬೇರೆ ಒಲೆ ಹೂಡ್ತಿದ್ದಾಳೆ!"

ಎಲ್ಲರೂ ನಕ್ಕರು. ಆರ್ಲೀಸಳಿಗೆ ನಗು ಬರಲಿಲ್ಲ. "ವಾರೆನ್‌ನ ಒಂದು ಮಾತು ಕೇಳ್ತೀನಿ" ಎಂದು ಎದ್ದಳು.

"ಕೇಳು," ಎಂದಳು ಗ್ಲೋರಿಯಾ. "ಏನಂತ ಕೇಳ್ತೀಯ ಅನ್ನೋದನ್ನ ಮಾತ್ರ ಮೊದಲು ಯೋಚಿಸ್ಕೋ."

ಮಧ್ಯಾಹ್ನ ಮನೆಗೆ ಬಂದರೆ ಯಾರಿಗೂ ಬೇಯಿಸುವ ಕೆಲಸವಿರಲಿಲ್ಲ. ದಿನದಿನಕ್ಕೂ ಬೆಳಗು, ಸಂಜೆಯ ಖಾನೆಗಳಿರುವ, ವಾರೆನ್‌ನ ಮುಂದಿನ ವಾರದ ಮಾತ್ರೆ ಡಬ್ಬಿ ತುಂಬಿಸಲು ಕೂತಳು. ಡ್ರಾಯರಿನಲ್ಲಿ, ಕೈವಸ್ತ್ರಗಳ ಅಡಿಯಿಂದ, ಕೆಂಪು ಹಿಡಿಯ ಇಕ್ಕಳ ತೆಗೆದಳು. ಒತ್ತಿ ತಿರುಗಿಸುವ ಆ ಬಿಳಿ ಮುಚ್ಚಳಗಳು ಅವಳ ಬೆರಳಿಗೆ ಬಗ್ಗುವಂಥವಲ್ಲ. ಬಾಟಲಿಯನ್ನು ಎದೆಗವಚಿಕೊಂಡು, ಇಕ್ಕಳದಿಂದ ಕಚ್ಚಿ, ಮೈಭಾರವನ್ನೆಲ್ಲ ಹಾಕಿ ತಿರುಗಿಸಬೇಕು. ಗ್ಯಾರೇಜಿನಿಂದ ಇಕ್ಕಳ ಕಾಣೆಯಾಗಿದೆ ಎಂದು ವಾರೆನ್ ಹುಡುಕಿ ಹುಡುಕಿ, ಕೊನೆಗೆ ಅಳಿಯ ಕೆವಿನ್‌ನ ಮೇಲೆ ಹರಿಹಾಯ್ದಿದ್ದ. ಆಗಲೂ ಅವಳು ಬಾಯಿ ಬಿಟ್ಟಿರಲಿಲ್ಲ. ಹೃದಯದ ರೋಗಿಗೆ ಇನ್ನೊಂದು ಚಿಂತೆ ಯಾಕೆ ಎಂದು.

ಚುಚ್ಚುಮದ್ದಿಗೆ ಮೊದಲು ಇಕ್ಕಳ ಹಿಡಿಯುವ ಬಲವೂ ಇರಲಿಲ್ಲ. ಬಾಟಲಿಗಳನ್ನು ಚೀಲಕ್ಕೆ ತುಂಬಿಕೊಂಡು, ಹಿಮದಲ್ಲಿ ಕಾಲೆಳೆಯುತ್ತ ಮಾರ್ಲೀನಳ ಮನೆಗೆ ಹೋಗಿ, ಮುಚ್ಚಳ ತೆಗೆಸಿಕೊಂಡು ಬರುತ್ತಿದ್ದಳು. ಜನವರಿಯಿಂದ ಮತ್ತೆ ಅದೇ.

ಡಬ್ಬಿ ತುಂಬಿದ ಮೇಲೆ ಅವಳು ಇಕ್ಕಳವನ್ನು ಮತ್ತೆ ಕೈವಸ್ತ್ರಗಳ ಅಡಿಗೆ ಸೇರಿಸಿದಳು. ವಾರೆನ್‌ನ ಹತ್ತಿರ ಏನಂತ ಕೇಳುವುದು? ನನ್ನ ಕೈ ನಾನು ಇಟ್ಟುಕೊಳ್ಳಲಾ ಅಂತಲೇ?

ಮರುದಿನ ಪ್ರಾರ್ಥನೆ ಮುಗಿದ ಮೇಲೆ ಗ್ಲೋರಿಯಾಳ ಪಕ್ಕ ಕೂತು, ಹೊಸ ಪ್ಲಾನಿಗೆ ತನ್ನ ಹೆಸರು ಸೇರಿಸುವ ಕೊನೆಯ ಗುಂಡಿಯನ್ನು ತಾನೇ ಕೈಯಾರೆ ಒತ್ತಿದಳು.

ಬೇಟೆ ಮುಗಿಸಿ ವಾರೆನ್ ಮೈತುಂಬ ಹೊಗೆಯ ವಾಸನೆ ಹೊತ್ತು, ಟ್ರಕ್ಕಿನಲ್ಲಿ ಜಿಂಕೆ ಹಾಕಿಕೊಂಡು ಬಂದ. ಅವನು ಸೌನಾದ ಬಿಸಿ ಹಬೆಯಲ್ಲಿ ಕೂತು, ಮಿಂದು, ಸೂಪಿಗೆ ಕೂರುವವರೆಗೆ ಆರ್ಲೀಸ್ ಕಾದಳು. ಆಮೇಲೆ ಹೇಳಿದಳು.

ಚಮಚ ಅರ್ಧದಲ್ಲೇ ನಿಂತಿತು. "ನಂದನ್ನ ಬಿಟ್ಟೆಯಾ?"

"ಪ್ಲಾನ್ ಬಿಟ್ಟೆ, ವಾರೆನ್. ನಿನ್ನ ಬಿಟ್ಟಿದ್ದರೆ ಸೂಪು ಯಾರು ಕಾಯಿಸ್ತಿದ್ರು?"

"ಮದುವೆಯಾದಾಗಿಂದ ನನ್ನ ಇನ್ಷೂರೆನ್ಸಲ್ಲೇ ಇದ್ದೆ. ಅದನ್ನ ಉಳಿಸ್ಕೊಳ್ಳೋಕೆ ಮುಷ್ಕರದಲ್ಲಿ ಇಡೀ ಚಳಿಗಾಲ ಗಣಿ ಗೇಟಿನ ಮುಂದೆ ನಿಂತಿದ್ದೀನಿ ನಾನು."

"ಗೊತ್ತು. ಗೇಟಿಗೆ ಊಟ ತಂದುಕೊಡ್ತಿದ್ದವಳು ನಾನೇ ಅಲ್ವಾ."

ಅವಳು ಅವನ ಕಾರ್ಡು, ಬಾಟಲಿಗಳು, ಖಾಲಿಯಾಗಿದ್ದ ಇನ್ನೊಂದು ಮಾತ್ರೆ ಡಬ್ಬಿ ಎಲ್ಲವನ್ನೂ ತಂದು ಅವನೆದುರಿಗಿಟ್ಟಳು. "ನಿನಗೆ ಹಳೇದೇ ಸಾಕು ಅಂದ್ಲು ಗ್ಲೋರಿಯಾ. ಆದ್ರೂ ಈ ಸಲ ನೀನೇ ನೋಡಿ ಹೇಳು. ದಿನಾ ಏನು ನುಂಗ್ತೀಯ ಅಂತ ನಿನಗೂ ಗೊತ್ತಿರಲಿ."

ಮುಖ ಗಂಟಿಕ್ಕಿಕೊಂಡೇ ವಾರೆನ್ ಕನ್ನಡಕ ಹಾಕಿಕೊಂಡು ಮೊದಲ ಬಾಟಲಿ ಎತ್ತಿದ. ಮುಚ್ಚಳದ ಅಂಚು ಕಿತ್ತುಹೋಗಿತ್ತು. "ಇದೇನೇ, ಇಲಿ ಕಡಿದ ಹಾಗಿದೆ?" ಇನ್ನೊಂದನ್ನು ಎತ್ತಿದ. ಮತ್ತೊಂದನ್ನು. ಎಲ್ಲದಕ್ಕೂ ಅದೇ ಗುರುತು. ಗಣಿಯ ವರ್ಕ್‌ಶಾಪಿನಲ್ಲಿ ಜೀವಮಾನ ಕಳೆದವನು. ಇಲಿಯ ಹಲ್ಲು ಯಾವುದು, ಇಕ್ಕಳದ ಹಲ್ಲು ಯಾವುದು ಎಂದು ಅವನಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

ಆರ್ಲೀಸಳ ಕಣ್ಣು ಡ್ರಾಯರಿನ ಕಡೆ ಹೋಯಿತು. ಅವನು ಎದ್ದು, ಎಳೆದು, ಕೈವಸ್ತ್ರ ಸರಿಸಿದ. ಇಕ್ಕಳದ ಹಲ್ಲನ್ನು ಮುಚ್ಚಳದ ಗುರುತಿಗೆ ಹೊಂದಿಸಿ ನೋಡಿದ.

"ಪಾಪ, ಕೆವಿನ್‌ಗೆ ಬೈದಿದ್ದೆ ನಾನು."

"ಅದಕ್ಕೇ ಅವನು ಬಂದಾಗೆಲ್ಲ ಒಂದು ಪ್ಯಾಸ್ಟಿ ಜಾಸ್ತಿ ಹಾಕ್ತಿದ್ದೆ."

"ನನಗೊಂದು ಮಾತು ಹೇಳಬಾರದಿತ್ತಾ? ನಾನು ತೆಗೆದುಕೊಡ್ತಿರಲಿಲ್ವಾ?"

"ಡಬ್ಬಿ ಹೇಗೆ ತುಂಬುತ್ತೆ ಅಂತ ನೀನೊಂದು ಮಾತು ಕೇಳಬಾರದಿತ್ತಾ?"

ವಾರೆನ್ ಬಂದು ಕೂತು ಬಾಟಲಿಗಳನ್ನು ಒಂದೊಂದಾಗಿ ತೆರೆದ. ಮಾತ್ರೆಗಳ ಹೆಸರನ್ನು ಶಾಲೆಯ ಹುಡುಗನ ಹಾಗೆ ಎಡವುತ್ತ ಓದಿದ. ಬೆಳಗಿನ ಖಾನೆಗೆ ಹಾಕಬೇಕಾದ ಮಾತ್ರೆಯನ್ನು ಸಂಜೆಯದಕ್ಕೆ ಹಾಕಿದಾಗ ಆರ್ಲೀಸ್ ಸೊಟ್ಟ ಬೆರಳಿನಿಂದ ತೋರಿಸಿದಳು. ಆ ಬೆರಳನ್ನು ಅವನು ಹಾಗೇ ಹಿಡಿದುಕೊಂಡ, ಹಕ್ಕಿಮರಿಯನ್ನು ಹಿಡಿದಂತೆ, ನೋಯಬಾರದು ಎಂದು.

"ಡುಲೂತಿಗೆ ಯಾವತ್ತು ಹೋಗಬೇಕು?"

"ಜನವರೀಲಿ. ಮಾರ್ಲೀನ್ ಕರ್ಕೊಂಡು ಹೋಗ್ತಾಳೆ, ಎರಡು ವರ್ಷದಿಂದ ಅವಳೇ ಅಲ್ವಾ."

"ಈ ಸಲ ನಾನೇ ಬರ್ತೀನಿ."

ಡಬ್ಬಿ ಮುಚ್ಚಿ, ಇಕ್ಕಳ ಎತ್ತಿಕೊಂಡು ಅವನು ಗ್ಯಾರೇಜಿನ ಬಾಗಿಲ ಕಡೆ ನಡೆದ.

"ಅದನ್ನೆಲ್ಲಿಗೆ ಒಯ್ತಿದ್ದೀಯ?"

"ಅದರ ಜಾಗಕ್ಕೆ. ಇನ್ನು ಮೇಲೆ ಮುಚ್ಚಳ ನಾನು ತೆಗೀತೀನಲ್ಲ."

"ಇಲ್ಲೇ ಇಟ್ಟು ಹೋಗು," ಎಂದಳು ಆರ್ಲೀಸ್. "ಬರೋ ನವೆಂಬರ್‌ನಲ್ಲೂ ಜಿಂಕೆ ಇರುತ್ತೆ."

ವಾರೆನ್ ನಕ್ಕುಬಿಟ್ಟ. ವಾಪಸು ಬಂದು ಇಕ್ಕಳವನ್ನು ಡ್ರಾಯರಿನಲ್ಲಿ ಇಟ್ಟ, ಕೈವಸ್ತ್ರಗಳ ಅಡಿಯಲ್ಲಲ್ಲ, ಮೇಲೆ.